ಅಪ್ಪ ಹೋದದ್ದು ಬುಧವಾರವೋ, ಗುರುವಾರವೋ?

ಸರಸ್ವತಿಪುರಂ ದೊಡ್ಡಮಗ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಲ್ಲಿ ಕೊರೀತಿರೋ ವಿಷಯ, ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಹೋದ ವರ್ಷ ಮಾಘ ಬಹುಳದಲ್ಲಿ ಅಪ್ಪ ತೀರಿಕೊಂಡರು. ಇಲ್ಲೇ ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ನಾನು ಪಕ್ಕದಲ್ಲೇ ಇದ್ದೆ. ನರ್ಸ್ ಗೋಡೆ ಗಡಿಯಾರ ನೋಡಿ ಹಾಳೆಯ ಮೇಲೆ 4:40 ಅಂತ ಬರೆದರು. ಬೆಳಗಿನ ಜಾವ, ಹೊರಗೆ ಕತ್ತಲೆ. ಕಾರಿಡಾರಿಗೆ ಬಂದು ನ್ಯೂಜೆರ್ಸಿಯಲ್ಲಿರೋ ತಮ್ಮನಿಗೆ ಫೋನ್ ಮಾಡಿದೆ. ಅವನು ಆಗಷ್ಟೇ ಆಫೀಸಿಂದ ಬಂದು ಶೂ ಬಿಚ್ಚುತ್ತಿದ್ದನಂತೆ. ಅವನಿಗೆ ಅದು ಬುಧವಾರ ಸಂಜೆ 6:10. ನನಗೆ ಗುರುವಾರ.

ಅಮ್ಮ ಮೊದಲಿಂದಲೂ ಬುಧವಾರ ಅಂತಲೇ ಹೇಳೋದು. "ಸೂರ್ಯ ಹುಟ್ಟಿರಲಿಲ್ಲ ಕಣೋ, ಬುಧವಾರದ ರಾತ್ರಿ ಇನ್ನೂ ಕಳೆದಿರಲಿಲ್ಲ." ಪಾಲಿಕೆ ಕೊಟ್ಟ ಮರಣ ಪ್ರಮಾಣಪತ್ರದಲ್ಲಿ ಗುರುವಾರದ ತಾರೀಖು. ಆಸ್ಪತ್ರೆಯ ಆ್ಯಪ್‌ನಿಂದ ಇಳಿಸಿಕೊಂಡ ಕಾಗದದಲ್ಲಿ ಮಾತ್ರ ಬುಧವಾರದ ತಾರೀಖು, ಸಮಯ 23:10 ಅಂತಿದೆ! ಎರಡು ತಾಳೆಯಾಗಲ್ಲ ಅಂತ ವಿಮೆಯವರು ಎರಡು ಸಲ ಅರ್ಜಿ ವಾಪಸ್ ಕಳಿಸಿದ್ದಾರೆ. ಆಸ್ಪತ್ರೆಯಲ್ಲಿ ಕೇಳಿದರೆ "ಸಿಸ್ಟಮ್‌ನಲ್ಲಿ ಹಾಗೇ ಬರೋದು ಸರ್" ಅಂತಾರೆ.

ಈಗ ವರ್ಷಾಬ್ದಿಕ ಹತ್ತಿರ ಬಂತು. ನಾನು ಇಲ್ಲಿ ಮಾಡ್ತೀನಿ, ತಮ್ಮ ಅಲ್ಲೇ ಮಾಡ್ತೀನಿ ಅಂತಾನೆ. ಒಂದೇ ದಿನ ಮಾಡಬೇಕಾ? ಯಾವ ದಿನ? ನಿಂತದ್ದು ಒಂದೇ ಉಸಿರು. ಅದಕ್ಕೆ ಇಷ್ಟೊಂದು ದಿನ, ಇಷ್ಟೊಂದು ಹೊತ್ತು ಹೇಗೆ ಬಂತು? ಇದರಲ್ಲಿ ನಿಜವಾದ ಸಮಯ ಅನ್ನೋದು ಯಾವುದು? ತಿಳಿದವರು ಹೇಳಿ.

ರಾತ್ರಿಪಾಳಿ (ಹೆಬ್ಬಾಳ, ಮೈಸೂರು):

ಮೊದಲು ನಿಮ್ಮ ತಂದೆಯವರಿಗೆ ನಮಸ್ಕಾರ. ನಾನು ಸರ್ವರ್ ನೋಡಿಕೊಳ್ಳೋ ಕೆಲಸದಲ್ಲಿದ್ದೀನಿ, ಆ 23:10ರ ಗುಟ್ಟು ನನಗೆ ನೋಡಿದ ತಕ್ಷಣ ಗೊತ್ತಾಯ್ತು.

ಕಂಪ್ಯೂಟರುಗಳು ಸಾಮಾನ್ಯವಾಗಿ ಒಳಗೊಳಗೆ ನಮ್ಮ ಸಮಯ ಇಟ್ಟುಕೊಳ್ಳೋದಿಲ್ಲ. ಯುಟಿಸಿ ಅಂತ ಜಗತ್ತಿಗೆಲ್ಲ ಒಂದು ಸಮಯ ಇದೆ, ಅದರಲ್ಲಿ ಬರೆದಿಟ್ಟುಕೊಳ್ಳುತ್ತವೆ. ನಮ್ಮ ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗುರುವಾರ ಬೆಳಗ್ಗೆ 4:40ರಲ್ಲಿ 5:30 ಕಳೆಯಿರಿ, ಬುಧವಾರ ರಾತ್ರಿ 23:10. ಉಳಿಸಿದ್ದು ಸರಿಯಾಗೇ ಇದೆ. ಕಾಗದಕ್ಕೆ ಅಚ್ಚು ಹಾಕುವಾಗ ಐದೂವರೆ ಗಂಟೆ ವಾಪಸ್ ಕೂಡಿಸೋದನ್ನ ಮರೆತಿದ್ದಾರೆ, ಅಷ್ಟೇ ಆಗಿರೋದು. ಹಗಲು ಹೊತ್ತಲ್ಲಿ ಇಂಥ ತಪ್ಪಾದರೆ ಗಂಟೆ ಮಾತ್ರ ತಪ್ಪುತ್ತೆ, ಯಾರ ಗಮನಕ್ಕೂ ಬರಲ್ಲ. ನಡುರಾತ್ರಿ 12ರಿಂದ ಬೆಳಗ್ಗೆ 5:30ರ ಒಳಗೆ ನಡೆದದ್ದಕ್ಕೆಲ್ಲ ತಾರೀಖೇ ಒಂದು ದಿನ ಹಿಂದಕ್ಕೆ ಜಾರುತ್ತೆ. ಹುಟ್ಟಿದ ತಾರೀಖಿಗೂ ಹೀಗೇ ಆಗೋದುಂಟು. ತಾರೀಖಿನ ಜೊತೆ ಗಂಟೆ ಕೊಡದಿದ್ದರೆ ತಂತ್ರಾಂಶ ಅದನ್ನ ರಾತ್ರಿ 12 ಗಂಟೆ ಅಂದುಕೊಳ್ಳುತ್ತೆ, ಐದೂವರೆ ಕಳೆದರೆ ಹಿಂದಿನ ದಿನದ ಸಂಜೆ 6:30. ಮಗು ಒಂದು ದಿನ ಮುಂಚೆಯೇ ಹುಟ್ಟಿಬಿಡುತ್ತೆ. ಶಾಲೆ ದಾಖಲಾತಿಯಲ್ಲಿ ಇಂಥದ್ದನ್ನ ಸರಿಮಾಡಿಸೋಕೆ ಓಡಾಡಿದ ತಂದೆತಾಯಂದಿರನ್ನ ನಾನು ಕಂಡಿದ್ದೀನಿ.

ಆಸ್ಪತ್ರೆಯವರಿಗೆ ಬಾಯಲ್ಲಿ ಹೇಳಬೇಡಿ, ಒಂದು ಪತ್ರ ಬರೀರಿ. "ಈ ದಾಖಲೆಯಲ್ಲಿರುವ ಸಮಯ ಯುಟಿಸಿಯದು, ಭಾರತೀಯ ಕಾಲಮಾನದಂತೆ ಗುರುವಾರ 4:40" ಅಂತ ದೃಢೀಕರಿಸಿ ಸಹಿ, ಮೊಹರು ಹಾಕಿಕೊಡಿ ಅಂತ ಕೇಳಿ. ನರ್ಸ್ ಕೈಯಲ್ಲಿ ಬರೆದ ಹಾಳೆಯ ನಕಲೂ ತೆಗೆದುಕೊಳ್ಳಿ. ಅದೇ ನಿಮ್ಮ ಬಲವಾದ ಸಾಕ್ಷಿ.

ಅಗ್ರಹಾರದ ಪಂಚಾಂಗದವರು:

ಅಮ್ಮನವರು ಹೇಳಿದ್ದು ಶಾಸ್ತ್ರಕ್ಕೆ ಸರಿಯಾಗೇ ಇದೆ. ವಾರ ಅನ್ನೋದು ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಮಾಘ ಬಹುಳದ ಹೊತ್ತಿಗೆ ಮೈಸೂರಿನಲ್ಲಿ ಸೂರ್ಯ ಹುಟ್ಟೋದು 6:40ರ ಆಸುಪಾಸು. 4:40ಕ್ಕೆ ಬುಧವಾರ ಮುಗಿಯಲು ಇನ್ನೂ ಎರಡು ಗಂಟೆ, ಅಂದರೆ ಐದು ಘಳಿಗೆ ಬಾಕಿ ಇತ್ತು.

ಆದರೆ ಆಬ್ದಿಕಕ್ಕೆ ಬೇಕಾದ್ದು ವಾರ ಅಲ್ಲ, ತಿಥಿ. ಇಲ್ಲೇ ಬಹಳ ಜನ ಎಡವೋದು. ತಿಥಿ ಅಂದರೆ ಆಕಾಶದಲ್ಲಿ ಚಂದ್ರ ಸೂರ್ಯನಿಗಿಂತ 12 ಅಂಶ ಮುಂದೆ ಹೋಗಲು ಬೇಕಾದ ಅವಧಿ. ಚಂದ್ರನ ಓಟ ಒಂದೇ ಸಮ ಇರೋದಿಲ್ಲ, ಹಾಗಾಗಿ ಒಂದು ತಿಥಿ 19 ಗಂಟೆಯಷ್ಟು ಚಿಕ್ಕದೂ ಆಗಬಹುದು, 26 ಗಂಟೆಯಷ್ಟು ದೊಡ್ಡದೂ ಆಗಬಹುದು. ಈ 12 ಅಂಶ ತುಂಬುವ ಕ್ಷಣ ಇದೆಯಲ್ಲ, ಅದು ಮೈಸೂರಿಗೊಂದು ನ್ಯೂಜೆರ್ಸಿಗೊಂದು ಇರೋದಿಲ್ಲ. ಇಡೀ ಭೂಮಿಗೆ ಒಂದೇ ಕ್ಷಣ. ಇಲ್ಲಿ ದಶಮಿ ಮುಗಿದಾಗ ಅಲ್ಲಿಯೂ ದಶಮಿ ಮುಗೀತು, ಅವರ ಗಡಿಯಾರ ಏನೇ ತೋರಿಸಲಿ. ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ನಮ್ಮ ಹಿರಿಯರ ಪಂಚಾಂಗದಲ್ಲಿ ಹೀಗೆ ಎರಡು ಕಾಲ ಒಟ್ಟಿಗೆ ನಡೆಯುತ್ತವೆ, ಜಗತ್ತಿಗೆಲ್ಲ ಸೇರಿದ್ದೊಂದು, ನಿಂತ ನೆಲಕ್ಕೆ ಸೇರಿದ್ದೊಂದು. ಒಂಟಿಕೊಪ್ಪಲ್ ಪಂಚಾಂಗವನ್ನೇ ತೆಗೆದು ನೋಡಿ, ಒಂದು ಪುಟದಲ್ಲಿ ಎರಡೂ ಇವೆ.

ನಿಮ್ಮ ತಂದೆಯವರು ಹೋದ ಕ್ಷಣದಲ್ಲಿ ಯಾವ ತಿಥಿ ಇತ್ತೋ ನೋಡಿ. ಪ್ರತಿ ವರ್ಷ ಆ ತಿಥಿ ಅಪರಾಹ್ನದಲ್ಲಿ ಇರುವ ದಿನ ಆಬ್ದಿಕ. ಹಗಲನ್ನು ಐದು ಭಾಗ ಮಾಡಿದರೆ ಪ್ರಾತಃ, ಸಂಗವ, ಮಧ್ಯಾಹ್ನ, ಅಪರಾಹ್ನ, ಸಾಯಾಹ್ನ. ನಾಲ್ಕನೆಯದು ಅಪರಾಹ್ನ. ಅದನ್ನ ಅವರವರ ಊರಿನ ಸೂರ್ಯೋದಯ, ಸೂರ್ಯಾಸ್ತದಿಂದಲೇ ಲೆಕ್ಕ ಹಾಕಬೇಕು. ಈ ಸಲದ ತಿಥಿ ಶುರು, ಕೊನೆ ಇಲ್ಲಿ ಹಾಕಿ, ಲೆಕ್ಕ ಮಾಡಿ ಹೇಳ್ತೀನಿ. ನಿಮ್ಮ ಮನೆಯ ಸಂಪ್ರದಾಯ ಏನಿದೆ ಅನ್ನೋದನ್ನ ಪುರೋಹಿತರ ಹತ್ತಿರವೂ ಒಮ್ಮೆ ಕೇಳಿಬಿಡಿ.

ಮಂಡ್ಯ ಮೇಷ್ಟ್ರು:

ಪಂಚಾಂಗದವರು "ನಿಂತ ನೆಲದ ಕಾಲ" ಅಂದರಲ್ಲ, ಅದನ್ನ ನಮ್ಮ ಶಾಲೆ ಮಕ್ಕಳು ಕಣ್ಣಾರೆ ನೋಡಿದ್ದಾರೆ.

ಏಪ್ರಿಲ್ 23ರ ಆಸುಪಾಸು ಮಂಡ್ಯ, ಮೈಸೂರಿನ ನೆತ್ತಿಯ ಮೇಲೇ ಸೂರ್ಯ ಹಾದು ಹೋಗುತ್ತಾನೆ. ಶೂನ್ಯ ನೆರಳಿನ ದಿನ. ಮತ್ತೆ ಆಗಸ್ಟ್ 20ರ ಹೊತ್ತಿಗೆ ಇನ್ನೊಮ್ಮೆ, ಆದರೆ ಆಗ ಮೋಡ ಬಿಡೋದು ಕಷ್ಟ. ಶಾಲೆ ಅಂಗಳದಲ್ಲಿ ಒಂದು ಸ್ಟೀಲ್ ಲೋಟ ಬೋರಲು ಹಾಕಿ ಮಕ್ಕಳನ್ನ ಸುತ್ತ ಕೂರಿಸಿದ್ದೆ. 12 ಗಂಟೆ ಆಯ್ತು, ಎಲ್ಲರೂ "ಸಾರ್ ಸಾರ್" ಅಂತ ಬಗ್ಗಿ ನೋಡಿದರು. ಲೋಟದ ಪಡುವಣ ಬದಿಗೆ ಉಗುರಿನಷ್ಟು ನೆರಳು ಇನ್ನೂ ಇತ್ತು. "ಸಾರ್, ಸೂರ್ಯ ಲೇಟು" ಅಂದ ಒಬ್ಬ ಹುಡುಗ. ಆ ನೆರಳು ತೆಳ್ಳಗಾಗ್ತಾ, ಲೋಟದ ಬುಡಕ್ಕೆ ಅಂಟಿಕೊಳ್ತಾ, 12:21ಕ್ಕೆ ಪೂರ್ತಿ ಮಾಯವಾಯ್ತು. ಐದು ನಿಮಿಷ ಕಳೆದ ಮೇಲೆ ಮೂಡಣ ಬದಿಯಲ್ಲಿ ಕೂದಲೆಳೆಯಷ್ಟು ಕಾಣಿಸಿತು.

ಲೇಟಾದದ್ದು ಸೂರ್ಯ ಅಲ್ಲ, ಮುಂದೆ ಓಡುತ್ತಿರೋದು ನಮ್ಮ ಗಡಿಯಾರ. ಭಾರತೀಯ ಸಮಯವನ್ನ ಅಳೆಯೋದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಅಂಶ ಪೂರ್ವ ರೇಖಾಂಶದಿಂದ. ಭೂಮಿ ಒಂದು ಅಂಶ ತಿರುಗಲು 4 ನಿಮಿಷ ಬೇಕು. ಮೈಸೂರು ಇರೋದು ಸುಮಾರು 76.65 ಅಂಶದಲ್ಲಿ. ವ್ಯತ್ಯಾಸ 5.85 ಅಂಶ, ಅಂದರೆ 23 ನಿಮಿಷದ ಮೇಲೆ ಸ್ವಲ್ಪ. ಮಂಡ್ಯಕ್ಕೆ 22 ನಿಮಿಷ. ಒಂದು ಘಳಿಗೆ ಅಂದರೆ 24 ನಿಮಿಷ ತಾನೆ? ಗಡಿಯಾರದ ಮಧ್ಯಾಹ್ನ ಆಗಿ ಹೆಚ್ಚುಕಡಿಮೆ ಒಂದು ಘಳಿಗೆ ಕಳೆದ ಮೇಲೆ ಮೈಸೂರಿನ ಮಧ್ಯಾಹ್ನ. ಮಕ್ಕಳಿಗೆ ಹೀಗೆ ಹೇಳಿದರೆ ಜೀವನಪೂರ್ತಿ ಮರೆಯಲ್ಲ.

ಸಂತೋಷದ ಇನ್ನೊಂದು ವಿಷಯ ಇದೆ. ಹಳೇ ಸಿದ್ಧಾಂತಿಗಳು ತಮ್ಮ ಮಧ್ಯರೇಖೆಯನ್ನ ಲಂಕೆ, ಉಜ್ಜಯಿನಿ, ಕುರುಕ್ಷೇತ್ರದ ಮೇಲೆ ಎಳೆದಿದ್ದರು. ಇಂಗ್ಲೆಂಡಿನ ಗ್ರೀನಿಚ್ ರೇಖೆ ಹುಟ್ಟೋದಕ್ಕೆ ಎಷ್ಟೋ ಶತಮಾನ ಮೊದಲಿನ ಮಾತು ಅದು. ಉಜ್ಜಯಿನಿ 75.8 ಅಂಶ, ಕುರುಕ್ಷೇತ್ರ 76.8ರ ಹತ್ತಿರ. ನಮ್ಮ ಮೈಸೂರು ಇವೆರಡರ ನಡುವೆ ಬರುತ್ತೆ. ಅಂದರೆ ಆ ಹಳೇ ಲೆಕ್ಕದಲ್ಲಿ ಮೈಸೂರಿನವರು ಹೆಚ್ಚುಕಡಿಮೆ ಶೂನ್ಯ ರೇಖೆಯ ಮೇಲೇ ಮನೆ ಮಾಡಿಕೊಂಡಿದ್ದಾರೆ. ಬೇರೆ ಊರಿನವರು ಮಾಡಬೇಕಿದ್ದ ದೇಶಾಂತರ ಸಂಸ್ಕಾರ, ಅಂದರೆ ರೇಖಾಂಶದ ವ್ಯತ್ಯಾಸಕ್ಕೆ ಮಾಡೋ ಸಮಯದ ತಿದ್ದುಪಡಿ, ನಮಗೆ ಮೂರ್ನಾಲ್ಕು ನಿಮಿಷದಲ್ಲಿ ಮುಗಿಯುತ್ತಿತ್ತು.

ಸರಸ್ವತಿಪುರಂ ದೊಡ್ಡಮಗ:

ಮೇಷ್ಟ್ರೇ, ಇದನ್ನ ಓದಿ ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಅವರು ಹೋದಾಗ ನಮ್ಮೂರಲ್ಲಿ ನಾಲ್ಕೂಕಾಲೇ ಅನ್ನು" ಅಂದರು. ಹೌದು, 4:17. ಈ ಐದೂವರೆ ಗಂಟೆ, ಅದರಲ್ಲೂ ಅರ್ಧ ಗಂಟೆಯ ಬಾಲ ಎಲ್ಲಿಂದ ಬಂತು?

ಮಂಡ್ಯ ಮೇಷ್ಟ್ರು:

ಭೂಮಿ ಗಂಟೆಗೆ 15 ಅಂಶ ತಿರುಗುತ್ತೆ. 82.5ನ್ನ 15ರಿಂದ ಭಾಗಿಸಿ, ಐದೂವರೆ ಬರುತ್ತೆ. ಆದರೆ ಅಲ್ಲಿಗೆ ಬರೋ ಮೊದಲು ದೊಡ್ಡ ಗೊಂದಲ ಇತ್ತು. ಮದರಾಸಿನ ವೀಕ್ಷಣಾಲಯ 1792ರದ್ದು. ಅಲ್ಲಿನ ಖಗೋಳಜ್ಞ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ರೇಖಾಂಶ ಅಳೆದು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದೆ ಅಂತ ಗೊತ್ತು ಮಾಡಿದರು. ಕಲ್ಕತ್ತಕ್ಕೆ 5 ಗಂಟೆ 53 ನಿಮಿಷ, ಬೊಂಬಾಯಿಗೆ 4 ಗಂಟೆ 51 ನಿಮಿಷ. ಮೂರೂರಿಗೂ ಮೂರು ಸಮಯ. ರೈಲು ಬಂದ ಮೇಲೆ ಇದು ನಡೆಯಲಿಲ್ಲ. ವೇಳಾಪಟ್ಟಿಯನ್ನ ಯಾವೂರ ಸಮಯದಲ್ಲಿ ಅಚ್ಚು ಹಾಕೋದು? ನಡುವೆ ಬಿದ್ದ ಮದರಾಸು ಸಮಯವನ್ನೇ ರೈಲಿನವರು ಹಿಡಿದುಕೊಂಡರು.

1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳು ಸೇರಿ ಗ್ರೀನಿಚ್ಚೇ ಸೊನ್ನೆ ಅಂತ ಒಪ್ಪಿದವು. 22 ದೇಶ ಪರ, ಒಂದು ವಿರುದ್ಧ. ಫ್ರಾನ್ಸ್, ಬ್ರೆಜಿಲ್ ಮತ ಹಾಕಲೇ ಇಲ್ಲ. ಭಾರತೀಯ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಿಂದ. ಆದರೂ ಕಲ್ಕತ್ತ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮ ಸಮಯ ಬಿಟ್ಟುಕೊಡಲಿಲ್ಲ. ಅವರ ಹಟ ನನಗೆ ಅರ್ಥವಾಗುತ್ತೆ. ತಮ್ಮೂರ ಸೂರ್ಯನನ್ನ ಯಾರೋ ಸರ್ಕಾರಿ ಆದೇಶದಲ್ಲಿ ಅಲುಗಾಡಿಸಿದರೆ ಯಾರಿಗೆ ತಾನೇ ಕಷ್ಟವಾಗಲ್ಲ?

ಸ್ವಾತಂತ್ರ್ಯ ಬಂದ ಮೇಲೆ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಸಮಿತಿ ಪಂಚಾಂಗಗಳನ್ನೆಲ್ಲ ಪರಿಶೀಲಿಸಿ ರಾಷ್ಟ್ರೀಯ ಪಂಚಾಂಗ ರೂಪಿಸಿತು, 1957ರ ಮಾರ್ಚ್ 22ರಿಂದ ಜಾರಿ. ಅದಕ್ಕೆ ಕೇಂದ್ರ ಬಿಂದು ಎಲ್ಲಿಟ್ಟರು ಗೊತ್ತಾ? ರೇಖಾಂಶ ಭಾರತೀಯ ಸಮಯದ 82.5, ಅಕ್ಷಾಂಶ ಉಜ್ಜಯಿನಿಯದು. ಹೊಸದನ್ನೂ ಹಿಡಿದರು, ಹಳೆಯದನ್ನೂ ಕೈಬಿಡಲಿಲ್ಲ. ಬಹಳ ಯೋಚನೆ ಮಾಡಿ ಮಾಡಿದ ಕೆಲಸ ಅದು.

ನಾಲೆ ಬಯಲು (ಪಾಂಡವಪುರ ತಾಲ್ಲೂಕು):

ಅಣ್ಣ, ನಾನು ಓದಿರೋದು ಕಮ್ಮಿ. ಆದ್ರೂ ಒಂದ್ ಮಾತು ಏಳ್ಬೇಕು ಅನ್ನುಸ್ತು.

ನಮ್ಮವ್ವಂಗೆ ಗಡಿಯಾರ ನೋಡಕ್ಕೆ ಬತ್ತಿರ್ನಿಲ್ಲ. ಆದ್ರೆ ಒಂದಿನಾನೂ ಒತ್ತು ತಪ್ಪುದವಳಲ್ಲ. ಬೆಳ್ಳಿ ಮೂಡುದ್ರೆ ಏಳೋದು, ಮೊದಲ್ನೇ ಕೋಳಿಗೆ ಕೊಟ್ಗೆ ಬಾಚೋದು, ಒತ್ತಾರೆ ಆಲು ಕರ್ದು ಡೈರಿಗೆ ಕಳ್ಸೋದು. ಒತ್ತು ಮಾರುದ್ದ ಏರೋ ಅಷ್ಟ್ರಲ್ಲಿ ಗದ್ದೆ ತಾವ ಇರೋಳು. ನೆತ್ತಿ ಮ್ಯಾಲೆ ಬಂದಾಗ ಇಟ್ಟು, ಬೈಸಾರೆ ದನ ಮನೆಗೆ, ಮೂರ್ಸಂಜೆ ದೀಪ. ಸರೊತ್ತು ಅಂದ್ರೆ ಯಾರೂ ಎದ್ದಿರಬಾರ್ದ ಒತ್ತು. ಯಾವ್ದುಕ್ಕೂ ನಂಬ್ರ ಇಲ್ಲ, ಎಲ್ಲಾನೂ ಕಣ್ಗೆ ಕಾಣೋದೆ, ಕಿವೀಗೆ ಕೇಳೋದೆ.

ಈಗ ನಂಗೆ ಮೂರು ತರ ಒತ್ತು. ನಾಲೆ ನೀರು ಕಟ್ಟು ಪದ್ಧತೀಲಿ, ಒಸಿ ದಿನ ಬಿಟ್ಟು ಒಸಿ ದಿನ ನಿಲ್ಸಿ, ಬಿಡ್ತಾರೆ, ಅದು ತಾರೀಖ್ ಲೆಕ್ಕ. ಪಂಪ್‌ಸೆಟ್ಗೆ ತ್ರೀ ಫೇಸ್ ಕರೆಂಟು ಸರೊತ್ತಲ್ಲಿ ಬತ್ತದೆ, ಅದು ಮೊಬೈಲ್ ಅಲಾರಾಮ್ ಲೆಕ್ಕ. ಕಬ್ಬು, ಭತ್ತ ಮಾತ್ರ ಅವೆರಡುನ್ನೂ ಕೇಳಲ್ಲ, ಅವು ಬಿಸ್ಲು ಮಳೆ ಲೆಕ್ಕದಲ್ಲೇ ಬೆಳಿತವೆ. ರಾತ್ರಿ ಎರಡ್ ಗಂಟೆಗೆ ಬ್ಯಾಟ್ರಿ ಇಡ್ಕಂಡು ಬದಿನ ಮ್ಯಾಲೆ ನಡಿತಾ ಇದ್ರೆ ಅನ್ಸದು, ನಮ್ಮವ್ವ ಕಂಡಿದ್ದ ಒತ್ತು ನನ್ ಕೈ ತಪ್ಪೋಯ್ತು ಅಂತ.

ನಿಮ್ಮಪ್ಪೋರು ಓದ ಒತ್ತು ಬೆಳ್ಳಿ ಮೂಡೋ ಒತ್ತು. ನಮ್ ಕಡೆ ಅದು ಒಳ್ಳೆ ಒತ್ತು ಅಂತಾರೆ ಅಣ್ಣ.

ಮಂಡ್ಯ ಮೇಷ್ಟ್ರು:

ನಾಲೆ ಬಯಲಣ್ಣ, ನಿಮ್ಮ ಮಾತಲ್ಲೇ ಎಷ್ಟು ಇದೆ ನೋಡಿ. "ಹೊತ್ತು ಏರಿತು, ಹೊತ್ತು ಮುಳುಗಿತು" ಅಂತೀವಿ. ಏರೋದು ಮುಳುಗೋದು ಸೂರ್ಯ. ಹಳಗನ್ನಡದ ಪೊೞ್ತು ಅನ್ನೋ ಪದಕ್ಕೆ ಸೂರ್ಯ, ಸಮಯ ಎರಡೂ ಅರ್ಥ. ತಮಿಳಿನ ಪೊೞುದು ಅದರ ಒಡಹುಟ್ಟು. ನಮ್ಮ ಭಾಷೆಯಲ್ಲಿ ಸಮಯಕ್ಕಿರೋ ಹಳೇ ಹೆಸರೊಂದು ಸೂರ್ಯನ ಹೆಸರೇ. "ಗಂಟೆ" ಹಾಗಲ್ಲ, ಅದು ಬಡಿಯೋ ಗಂಟೆಯಿಂದ ಬಂದದ್ದು. ಊರಿಗೆಲ್ಲ ಕೇಳಲಿ ಅಂತ ಯಾರೋ ಬಡಿದದ್ದು. ಕಾಲ ಅಂದರೆ ಮಳೆಗಾಲ, ಬೇಸಿಗೆಕಾಲವೂ ಹೌದು, ಯಮನೂ ಹೌದು. "ವೇಳೆಗೆ ಸರಿಯಾಗಿ ಬಾ" ಅನ್ನೋದಕ್ಕೂ "ಹೊತ್ತಿಗೆ ಸರಿಯಾಗಿ ಉಣ್ಣು" ಅನ್ನೋದಕ್ಕೂ ಮನಸ್ಸಿಗೆ ಎಷ್ಟು ವ್ಯತ್ಯಾಸ! ಯುಟಿಸಿ ಅನ್ನೋದು ಗಂಟೆಯ ಕಡೆಯದು. ಜಗತ್ತಿಗೆಲ್ಲ ಕೇಳುವ ಹಾಗೆ ಬಡಿಯೋ ಗಂಟೆ. ಅದು ಹೊತ್ತು ಆಗಲಾರದು.

ಗಡಿಯಾರದಂಗಡಿ (ದೇವರಾಜ ಮಾರುಕಟ್ಟೆ ಹತ್ತಿರ):

ನಾನು ನಲವತ್ತು ವರ್ಷದಿಂದ ವಾಚ್ ರಿಪೇರಿ ಮಾಡ್ತಿದ್ದೀನಿ. ಗಂಟೆಯ ಪರವಾಗಿ ಎರಡು ಮಾತಾಡಬೇಕು.

ನಮ್ಮೂರ ದೊಡ್ಡ ಗಡಿಯಾರ ಕಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ, 1927ರಲ್ಲಿ. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ. ಸಮಯ ಅನ್ನೋದು ಅರಮನೆಯೊಳಗೆ ಇರೋದಲ್ಲ, ತರಕಾರಿ ಕೊಳ್ಳೋಕೆ ಬಂದ ಹೆಂಗಸೂ ತಲೆ ಎತ್ತಿದರೆ ಅವಳ ಅಕ್ಷರದಲ್ಲೇ ಕಾಣಬೇಕು. ನನಗೆ ಅದು ದೊಡ್ಡ ವಿಷಯ.

ನಮ್ಮ ಗುರುಗಳು ಪ್ರತಿದಿನ ರೇಡಿಯೋದ ವಾರ್ತೆಗೆ ಮೊದಲು ಬರೋ ಪೀಪ್ ಪೀಪ್ ಸದ್ದಿಗೆ ಅಂಗಡಿಯ ಒಂದು ಗಡಿಯಾರ ಸರಿಮಾಡೋರು. ಉಳಿದದ್ದೆಲ್ಲ ಅದನ್ನ ನೋಡಿ. ನಾನು ಹುಡುಗ, ಸ್ಟೂಲಿನ ಮೇಲೆ ನಿಂತು ಮುಳ್ಳಿನ ಮೇಲೆ ಬೆರಳಿಟ್ಟುಕೊಂಡಿರಬೇಕು. ಕೊನೆಯ ಪೀಪ್ ಬಿದ್ದ ತಕ್ಷಣ ಬಿಡಬೇಕು. ಹೆಚ್‌ಎಂಟಿ ಕೈಗಡಿಯಾರ ಬಂದರೆ ಹಿಂದಿನ ಮುಚ್ಚಳ ತೆಗೆದು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ನೋಡೋದು. ಹೇರ್‌ಸ್ಪ್ರಿಂಗ್ ಉಸಿರಾಡೋ ಹಾಗೆ ಹಿಗ್ಗುತ್ತಾ ಕುಗ್ಗುತ್ತಾ ಇರುತ್ತೆ. ಪಕ್ಕದ ಸಣ್ಣ ಕಡ್ಡಿಯನ್ನ ಕೂದಲಷ್ಟು ಸರಿಸಿದರೆ ದಿನಕ್ಕೆ ಒಂದು ನಿಮಿಷ ಹಿಂದೆಮುಂದೆ ಆಗುತ್ತೆ. ಆಮೇಲೆ ಕ್ವಾರ್ಟ್ಜ್ ಬಂತು, ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಗಿರಾಕಿಗಳು "ಕರೆಕ್ಟ್ ಟೈಮ್ ಇಟ್ಟುಕೊಡಿ" ಅಂತಾರೆ. ಕರೆಕ್ಟ್ ಅಂದರೆ ಇನ್ನೊಬ್ಬರ ಜೊತೆ ಹೊಂದಿಕೊಂಡದ್ದು ಅಂತ, ಬೇರೆ ಅರ್ಥ ನಾನು ಈ ನಲವತ್ತು ವರ್ಷದಲ್ಲಿ ಕಾಣಲಿಲ್ಲ. ಬಸ್ಸು ತಪ್ಪಬಾರದು, ಮಗ ಶಾಲೆಯಿಂದ ಬಂದಾಗ ಅಮ್ಮ ಮನೇಲಿರಬೇಕು, ಇದಕ್ಕೇ ಗಡಿಯಾರ.

ರಾತ್ರಿಪಾಳಿ:

ಗಡಿಯಾರದಂಗಡಿಯವರು ಹೇಳಿದ್ದು ಯುಟಿಸಿಗೂ ಅಕ್ಷರಶಃ ಅನ್ವಯಿಸುತ್ತೆ. ಯುಟಿಸಿ ಅನ್ನೋ ಒಂದು ಗಡಿಯಾರ ಎಲ್ಲೂ ಇಲ್ಲ! ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಲ್ಲಿರೋ ನಾನೂರಕ್ಕೂ ಹೆಚ್ಚು ಪರಮಾಣು ಗಡಿಯಾರಗಳ ಲೆಕ್ಕ ತರಿಸಿಕೊಂಡು, ಪ್ಯಾರಿಸ್ ಹತ್ತಿರದ ಅಂತರರಾಷ್ಟ್ರೀಯ ತೂಕ ಅಳತೆಗಳ ಕಚೇರಿ ತೂಗಿ ಸರಾಸರಿ ತೆಗೆಯುತ್ತೆ. ಪ್ರತಿ ತಿಂಗಳು ಪ್ರಕಟಿಸುತ್ತೆ: ನಿಮ್ಮ ಗಡಿಯಾರ ಇಷ್ಟು ಮುಂದಿತ್ತು, ನಿಮ್ಮದು ಇಷ್ಟು ಹಿಂದಿತ್ತು ಅಂತ. ಅಂದರೆ ಈ ಕ್ಷಣದ ಪಕ್ಕಾ ಯುಟಿಸಿ ಎಷ್ಟು ಅಂತ ಗೊತ್ತಾಗೋದು ಕೆಲವು ವಾರ ಕಳೆದ ಮೇಲೆ. ನಮ್ಮ ದೇಶದ ಪರವಾಗಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಇದರಲ್ಲಿ ಸೇರಿದೆ. ಹೆಸರು ಕೂಡ ರಾಜಿಯದ್ದೇ: ಇಂಗ್ಲಿಷಿನವರಿಗೆ ಕೋಆರ್ಡಿನೇಟೆಡ್ ಯೂನಿವರ್ಸಲ್ ಟೈಮ್ ಅಂತ ಸಿಯುಟಿ ಬೇಕಿತ್ತು, ಫ್ರೆಂಚರಿಗೆ ಟಿಯುಸಿ, ಇಬ್ಬರಿಗೂ ಸೇರದ ಯುಟಿಸಿ ಉಳಿಯಿತು.

ಸೆಕೆಂಡು ಅನ್ನೋದು 1967ರಿಂದ ಸೂರ್ಯನ ಕೈಬಿಟ್ಟಿದೆ. ಸೀಸಿಯಂ ಪರಮಾಣುವಿನ 9,19,26,31,770 ಕಂಪನಗಳಿಗೆ ಒಂದು ಸೆಕೆಂಡು. ನನ್ನ ಅಭಿಪ್ರಾಯ ಕೇಳಿದರೆ ಎಲ್ಲರೂ ಯುಟಿಸಿಯನ್ನೇ ಇಟ್ಟುಕೊಂಡರೆ ದೊಡ್ಡಮಗ ಅವರಿಗಾದ ತೊಂದರೆ ಯಾರಿಗೂ ಬರಲ್ಲ. ಇಡೀ ಜಗತ್ತಿಗೆ ಒಂದೇ ಗಂಟೆ, ಒಂದೇ ತಾರೀಖು.

ನಾಲೆ ಬಯಲು:

ಅಂಗಾರೆ ತಾರೀಖು ಬದ್ಲಾಗೋದು ಯಾವಾಗ? ನಮ್ಗೆ ಬೆಳಿಗ್ಗೆ ಐದೂವರೆಗಾ? ಅರ್ಧ ಆಲು ಕರ್ದಿರೋದು ನೆನ್ನೇದು, ಇನ್ನರ್ಧ ಇವತ್ತಿಂದು ಅಂತ ಡೈರೀಲಿ ಬರಿಬೇಕಾ ಅಣ್ಣ? ಅಮೆರಿಕದೋರ್ಗೆ ಊಟದ ನಡುವೆ ದಿನ ಬದ್ಲಾಯ್ತದೆ. ದಿನ ಅನ್ನೋದು ಮಲ್ಗಿ ಏಳೋದ್ರಲ್ಲಿ ಐತೆ.

ರಾತ್ರಿಪಾಳಿ:

ಹಾಲಿನ ಮಾತು ಒಪ್ಪಿದೆ ಅಣ್ಣ. ಯಂತ್ರಕ್ಕೆ ಸರಿ ಹೋಗೋದೆಲ್ಲ ಮನುಷ್ಯರಿಗೆ ಸರಿ ಹೋಗಲ್ಲ. ಒಳಗೆ ಯುಟಿಸಿ, ಹೊರಗೆ ಆಯಾ ಊರಿನದ್ದು, ಅದೇ ಸರಿ. ಮತ್ತೆ ಸೂರ್ಯನ ಕೈಬಿಟ್ಟಿದೆ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಭೂಮಿಯ ತಿರುಗಾಟ ಪರಮಾಣುವಿನಷ್ಟು ಸಮ ಇಲ್ಲ. ಎರಡೂ ದೂರ ಸರಿಯದಿರಲಿ ಅಂತ 1972ರಿಂದ ಈವರೆಗೆ 27 ಸಲ ಒಂದೊಂದು ಅಧಿಕ ಸೆಕೆಂಡು ಸೇರಿಸಿದ್ದಾರೆ. ಕೊನೆಯದು ನಮಗೆ 2017ರ ಜನವರಿ 1ರ ಬೆಳಗ್ಗೆ. 5:29:59 ಆದ ಮೇಲೆ 5:30:00 ಬರಲಿಲ್ಲ, ನಡುವೆ 5:29:60 ಬಂತು. 2035ರೊಳಗೆ ಈ ಪದ್ಧತಿ ನಿಲ್ಲಿಸೋಣ ಅಂತ 2022ರಲ್ಲಿ ತೀರ್ಮಾನ ಆಗಿದೆ. ಸರ್ವರ್ ನೋಡಿಕೊಳ್ಳೋರಿಗೆ ನಿರಾಳ. ಆದರೂ ಇಡೀ ಜಗತ್ತು ಭೂಮಿಗೋಸ್ಕರ ಒಂದು ಸೆಕೆಂಡು ಕಾಯುತ್ತಿದ್ದದ್ದು ನನಗೆ ಇಷ್ಟವಾಗುತ್ತಿತ್ತು.

ಮಾನಸಗಂಗೋತ್ರಿ ವಿದ್ಯಾರ್ಥಿನಿ:

ಭೌತಶಾಸ್ತ್ರ ಓದ್ತಿದ್ದೀನಿ, ಚಿಕ್ಕ ಮಾತೊಂದು ಸೇರಿಸ್ತೀನಿ. ಐನ್‌ಸ್ಟೈನ್ ಪ್ರಕಾರ ಎತ್ತರದಲ್ಲಿರೋ ಗಡಿಯಾರ ಸ್ವಲ್ಪ ವೇಗವಾಗಿ ಓಡುತ್ತೆ. ಚಾಮುಂಡಿ ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಲೆಕ್ಕ ಮಾಡಿದೆ: ಬೆಟ್ಟದ ಮೇಲೊಂದು, ಕೆಳಗೊಂದು ಪರಮಾಣು ಗಡಿಯಾರ ಇಟ್ಟರೆ ಮೇಲಿನದು ವರ್ಷಕ್ಕೆ ಒಂದು ಮೈಕ್ರೋಸೆಕೆಂಡಿನಷ್ಟು ಮುಂದೆ ಹೋಗುತ್ತೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ. ಜಿಪಿಎಸ್ ಉಪಗ್ರಹಗಳಿಗೆ ಎತ್ತರ, ವೇಗ ಎರಡೂ ಸೇರಿ ಈ ವ್ಯತ್ಯಾಸ ದಿನಕ್ಕೇ 38 ಮೈಕ್ರೋಸೆಕೆಂಡು, ಅದನ್ನ ಸರಿಪಡಿಸದಿದ್ದರೆ ನಕ್ಷೆಯಲ್ಲಿ ದಿನವೊಂದಕ್ಕೆ ಹತ್ತು ಕಿಲೋಮೀಟರಷ್ಟು ತಪ್ಪು ಬರುತ್ತೆ. ಹಾಗಾಗಿ ಪ್ರಕೃತಿಯಲ್ಲೇ ಎಲ್ಲರಿಗೂ ಒಂದೇ ಆದ ಸಮಯ ಸಿಗೋದಿಲ್ಲ. ಸಾರ್ವತ್ರಿಕ ಸಮಯ ಅಂದರೆ ಮನುಷ್ಯರು ಕೂತು ಒಪ್ಪಿಕೊಂಡದ್ದು. ಅದರಿಂದ ಅದರ ಬೆಲೆ ಕಮ್ಮಿಯಾಗಲ್ಲ ಅಂತ ನನಗನಿಸುತ್ತೆ.

ಕುವೆಂಪುನಗರದ ಗೃಹಿಣಿ:

ಪಂಚಾಂಗದವರಿಗೆ ಒಂದು ಪ್ರಶ್ನೆ. ಗೋಡೆ ಕ್ಯಾಲೆಂಡರಿನಲ್ಲಿ ಸೋಮವಾರ ರಾಹುಕಾಲ 7:30ರಿಂದ 9 ಅಂತ ವರ್ಷಪೂರ್ತಿ ಒಂದೇ ಹಾಕಿರ್ತಾರಲ್ಲ, ಸರೀನಾ? ಮತ್ತೆ ಡಿಸೆಂಬರಿನಲ್ಲಿ ಹಗಲು ಚಿಕ್ಕದು ಅಂತಾರೆ, ಆದರೆ ನಮ್ಮನೇಲಿ ಮಕ್ಕಳನ್ನ ಕತ್ತಲಲ್ಲಿ ಎಬ್ಬಿಸೋ ಕಷ್ಟ ಜನವರಿ ಕೊನೇಲೇ ಜಾಸ್ತಿ.

ಅಗ್ರಹಾರದ ಪಂಚಾಂಗದವರು:

ತಾಯಿ, ಒಳ್ಳೆ ಗಮನ ನಿಮ್ಮದು. ರಾಹುಕಾಲ ಅಂದರೆ ಹಗಲಿನ ಎಂಟನೇ ಒಂದು ಭಾಗ. ಕ್ಯಾಲೆಂಡರಿನದ್ದು ಸೂರ್ಯ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಅಂತ ಇಟ್ಟುಕೊಂಡ ಸ್ಥೂಲ ಲೆಕ್ಕ. ಜನವರಿ ಕೊನೆಯಲ್ಲಿ ಮೈಸೂರಿನ ಸೂರ್ಯೋದಯ 6:48ರ ಸುಮಾರು. ಆಗ ಸೋಮವಾರದ ರಾಹುಕಾಲ ನಿಜಕ್ಕೂ 8:15ರ ಹೊತ್ತಿಗೆ ಶುರುವಾಗಿ 9:40 ದಾಟುತ್ತೆ. ಏಳೂವರೆಗೆ ಹೊರಡಬೇಡ ಅಂತ ಮಕ್ಕಳನ್ನ ತಡೆದು, ಎಂಟೂವರೆಗೆ ಕಳಿಸಿದರೆ ಏನು ಮಾಡಿದ ಹಾಗಾಯ್ತು? ಪಾಲಿಸೋರು ಊರಿನ ಸೂರ್ಯೋದಯ ನೋಡಿ ಪಾಲಿಸಬೇಕು.

ಎರಡನೆಯದನ್ನ ಮೇಷ್ಟ್ರು ಹೇಳಲಿ.

ಮಂಡ್ಯ ಮೇಷ್ಟ್ರು:

ಡಿಸೆಂಬರ್ 22ಕ್ಕೆ ಮೈಸೂರಿನ ಸೂರ್ಯೋದಯ 6:40, ಜನವರಿ ಕೊನೆಗೆ 6:48. ಹಗಲು ಉದ್ದವಾಗ್ತಿದ್ದರೂ ಬೆಳಗು ತಡವಾಗುತ್ತೆ. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬಂದು ಜೋರಾಗಿ ಓಡುತ್ತೆ, ಮೇಲೆ ಅದರ ಅಕ್ಷ ಬೇರೆ ಓರೆ. ಎರಡೂ ಸೇರಿ ಡಿಸೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನದಿಂದ ಇನ್ನೊಂದು ಮಧ್ಯಾಹ್ನಕ್ಕೆ 24 ಗಂಟೆಗಿಂತ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತೆ. ಹೀಗೆ ಕೂಡಿಕೊಂಡು ಫೆಬ್ರವರಿ ನಡುವಿಗೆ ಮೈಸೂರಿನ ನಡುಹಗಲು 12:37, ನವೆಂಬರ್ ಶುರುವಿಗೆ 12:07. ಸೂರ್ಯನಿಗೇ ಗಂಟೆ ಹೊಡೆಯೋ ಕೆಲಸ ಕೊಟ್ಟರೆ ವರ್ಷದಲ್ಲಿ ಅರ್ಧ ಗಂಟೆ ಆಚೀಚೆ ಆಗುತ್ತೆ. ಅದಕ್ಕೇ ಸರಾಸರಿ ಸಮಯ ಅಂತ ಮಾಡಿಕೊಂಡದ್ದು.

ಸರಸ್ವತಿಪುರಂ ದೊಡ್ಡಮಗ:

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ರಾತ್ರಿಪಾಳಿಯವರು ಹೇಳಿದ ಹಾಗೇ ಪತ್ರ ಬರೆದೆ. ನಾಲ್ಕು ದಿನಕ್ಕೆ ಸಹಿ, ಮೊಹರು ಹಾಕಿ ಕೊಟ್ಟರು. ವಿಮೆಯವರು ಈ ಸಲ ಅರ್ಜಿ ತೆಗೆದುಕೊಂಡಿದ್ದಾರೆ.

ಪಂಚಾಂಗದವರೇ, ಅಪ್ಪ ಹೋದಾಗ ಮಾಘ ಬಹುಳ ದಶಮಿ ಇತ್ತು, ಬೆಳಗಿನ 5:12ಕ್ಕೆ ಮುಗೀತು. ಈ ಸಲ ದಶಮಿ ಭಾನುವಾರ ಸಂಜೆ 6:05ಕ್ಕೆ ಶುರುವಾಗಿ ಸೋಮವಾರ ಸಂಜೆ 5:10ಕ್ಕೆ ಮುಗಿಯುತ್ತೆ.

ಅಗ್ರಹಾರದ ಪಂಚಾಂಗದವರು:

ಹಾಗಾದರೆ ಮೈಸೂರಿನಲ್ಲಿ ಸೋಮವಾರ. ಅವತ್ತು ಅಪರಾಹ್ನ 1:47ರಿಂದ 4:09ರವರೆಗೆ, ದಶಮಿ ಪೂರ್ತಿ ಇದೆ. ನ್ಯೂಜೆರ್ಸಿಯ ಗಡಿಯಾರದಲ್ಲಿ ಅದೇ ದಶಮಿ ಭಾನುವಾರ ಬೆಳಗ್ಗೆ 7:35ಕ್ಕೆ ಶುರು, ಸೋಮವಾರ ಬೆಳಗ್ಗೆ 6:40ಕ್ಕೆ ಮುಕ್ತಾಯ. ಅವರಿಗೆ ದಶಮಿ ಅಪರಾಹ್ನದಲ್ಲಿ ಸಿಗೋದು ಭಾನುವಾರ ಮಾತ್ರ, 1:20ರ ಸುಮಾರಿಂದ 3:30ರವರೆಗೆ. ತಮ್ಮ ಭಾನುವಾರ ಮಾಡಲಿ, ನೀವು ಸೋಮವಾರ ಮಾಡಿ. ತಿಥಿ ಇಬ್ಬರಿಗೂ ಒಂದೇ.

ನ್ಯೂಜೆರ್ಸಿ ಚಿಕ್ಕಮಗ:

ಅಣ್ಣ ಈ ಕೊಂಡಿ ಕಳಿಸಿದ. ಎಲ್ಲರ ಮಾತೂ ಓದಿದೆ. ಒಂದು ವರ್ಷದಿಂದ ನನಗೊಂದು ಸಂಕಟ ಇತ್ತು. ಅಣ್ಣ "ಗುರುವಾರ ಬೆಳಗಿನ ಜಾವ" ಅಂತ ಹೇಳಿದಾಗಲೆಲ್ಲ, ನಾನು ಬುಧವಾರ ಸಂಜೆ ಟ್ರಾಫಿಕ್‌ನಲ್ಲಿ ರೇಡಿಯೋ ಕೇಳಿಕೊಂಡು ಬರ್ತಿದ್ದಾಗ ಅಪ್ಪ ಇನ್ನೂ ಇದ್ದರು ಅನ್ನೋ ಹಾಗೆ, ನನಗಿನ್ನೂ ಒಂದು ರಾತ್ರಿ ಬಾಕಿ ಇತ್ತೇನೋ ಅನ್ನೋ ಹಾಗೆ ಮನಸ್ಸು ಲೆಕ್ಕ ಹಾಕುತ್ತಿತ್ತು. ಬಾಕಿ ಇರಲಿಲ್ಲ. ಅದು ಒಂದೇ ಕ್ಷಣ.

ಭಾನುವಾರ ಹೇಗೂ ರಜೆ. ನನ್ನದು ಮುಗಿಯೋ ಹೊತ್ತಿಗೆ ನಿಮಗೆ ಸೋಮವಾರ ಬೆಳಗಿನ ಜಾವ ಎರಡು ಗಂಟೆ ಆಗಿರುತ್ತೆ ಅಣ್ಣ, ಅಮ್ಮನ್ನ ಎಬ್ಬಿಸಬೇಡ.

ಸರಸ್ವತಿಪುರಂ ದೊಡ್ಡಮಗ:

ಅಮ್ಮ ಎದ್ದೇ ಇರ್ತೀನಿ ಅಂತಿದ್ದಾರೆ. ನೀನು ಎಡೆ ಇಟ್ಟ ಕೂಡಲೇ ವಿಡಿಯೋ ಕರೆ ಮಾಡು.